ಚನ್ನು ಬಡಿದ ಬಾಗಿಲು

ಚನ್ನುವಿನ ಬಲಗಿವಿ ಸತ್ತು ಇಪ್ಪತ್ತು ವರ್ಷವಾಯಿತು. ಸುತ್ತಿಗೆಯೇ ಅದನ್ನು ಕೊಂದದ್ದು. ಹದಿನಾರಕ್ಕೆ ಚಿಂಚೋಳಿ ಕಡೆಯ ಹಳ್ಳಿ ಬಿಟ್ಟು ಹೈದರಾಬಾದಿಗೆ ಬಂದವನು, ಮುಂಬೈ ಹೆದ್ದಾರಿ ಬದಿಯ ಡೆಂಟಿಂಗ್ ಶೆಡ್ಡಿನಲ್ಲಿ ನುಗ್ಗಾದ ಕಾರುಗಳ ತಗಡು ತಟ್ಟುತ್ತ ತಟ್ಟುತ್ತ ಐವತ್ತೆರಡಕ್ಕೆ ಬಂದ. ಈ ಊರಿನ ಎಷ್ಟು ಸಾವಿರ ಗಾಡಿಗಳ ಮೈ ಅವನ ಅಂಗೈ ಕೆಳಗೆ ಹಾದುಹೋಗಿದೆಯೋ ಲೆಕ್ಕವಿಲ್ಲ. ಸ್ವಂತಕ್ಕೆ ಅಂತ ಇರುವುದು ಒಂದು ಸೈಕಲ್ಲು. ಅದರ ಗಂಟೆ ಹೊಡೆದರೆ ಬಲಗಡೆಯಿಂದ ಅವನಿಗೇ ಕೇಳಿಸುವುದಿಲ್ಲ.

ಎಡಗಿವಿಯ ಮಾತು ಬೇರೆ. ಮಿಯಾಪುರದ ಮೆಟ್ರೋ ಸ್ಟೇಷನ್ನಿನಿಂದ ಆಚೆ, ದೊಡ್ಡ ಅಪಾರ್ಟ್‌ಮೆಂಟುಗಳ ಬೆನ್ನಿಗೆ ಒಂದು ಬಸ್ತಿಯಿದೆ. ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಜನ. ಅಪಾರ್ಟ್‌ಮೆಂಟು ಕಟ್ಟಲು ಬಂದವರು, ಕಟ್ಟಿ ಮುಗಿಸಿ ಅದರ ನೆರಳಿನಲ್ಲೇ ತಗಡು ಹೊದ್ದು ಉಳಿದವರು. ಆ ಬಸ್ತಿಯಲ್ಲಿ ಯಾರೇ ಹಳೆಯ ಆಟೋ, ಕಾರು ಕೊಳ್ಳಲಿ, ಮೊದಲು ಚನ್ನುವಿನ ಮುಂದೆ ತಂದು ನಿಲ್ಲಿಸಬೇಕು. ಅವನು ಬಣ್ಣ ನೋಡುವುದಿಲ್ಲ, ಮೀಟರು ನೋಡುವುದಿಲ್ಲ. ಬಾಗಿಲನ್ನು ಗೇಣುದ್ದ ತೆರೆದು, ಎಡಗಿವಿ ಅತ್ತ ಕೊಟ್ಟು, ಬಡಿಯುತ್ತಾನೆ. ಒಂದು ಸಲ, ಎರಡು ಸಲ.

"ತಗಡಿನ ತಗ್ಗಿಗಿ ಪುಟ್ಟಿ ತುಂಬ್ಯಾರ. ಒಮ್ಮಿ ಮಗಚಿ ಬಿದ್ದ ಗಾಡಿ ಇದು. ಬಿಟ್ಟು ಬಾ."

ಅಷ್ಟೇ, ವ್ಯಾಪಾರ ಮುರಿಯಿತು. ಮಾರುವವನು ಎಷ್ಟು ಬಾಯಿ ಬಡಿದುಕೊಂಡರೂ ಇಲ್ಲ. "ಬಾಯಿ ಸುಳ್ಳ ಹೇಳತೈತಿ, ಕಾಗದ ಸುಳ್ಳ ಹೇಳತಾವ. ಬಾಗಿಲಾ ಹೇಳಂಗಿಲ್ಲ" ಅಂತ ಅವನು ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದ. ಬಸ್ತಿಯ ಡ್ರೈವರುಗಳೆಲ್ಲ ಅದನ್ನೇ ಕಲಿತಿದ್ದರು. ಎಲ್ಲರಿಗಿಂತ ಚೆನ್ನಾಗಿ ಕಲಿತವನು ಅವನ ಅಕ್ಕ ಗುರುಬಾಯಿಯ ಮಗ ಸೂರಜ್. ಗಚ್ಚಿಬೌಲಿಯ ಕಂಪನಿಗಳಿಗೆ ಬಾಡಿಗೆ ಕಾರು ಓಡಿಸುತ್ತಿದ್ದ. ಹತ್ತು ವರ್ಷ ಬೇರೆಯವರ ಗಾಡಿ.

ಚನ್ನುವಿನ ಬದುಕಿನೊಳಗೆ ಜಾಹೀರಾತು ಬಂದದ್ದು ನಿತಿನನ ಕಾರಿನ ಮೂಲಕ. ನಿತಿನನ ಅಪ್ಪ ಧಾರವಾಡದವರು, ಇಲ್ಲಿನ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗ ಗಚ್ಚಿಬೌಲಿಯ ಒಂದು ಜಾಹೀರಾತು ಆಫೀಸಿನಲ್ಲಿದ್ದ. ಹಿಂದಿನ ಬಂಪರ್ ಒಡೆದುಕೊಂಡು ಶೆಡ್ಡಿಗೆ ಬಂದವನು, ಚನ್ನು ಬಗ್ಗದ ತಗಡಿಗೆ ಕನ್ನಡದಲ್ಲಿ ಬೈಯುವುದನ್ನು ಕೇಳಿ ನಕ್ಕ. ಮಾತಿಗೆ ಮಾತು ಬೆಳೆಯಿತು. ತಿಂಗಳ ಮೇಲೆ ಮತ್ತೆ ಬಂದ. ಈ ಸಲ ಕಾರಿಗೆ ಏನೂ ಆಗಿರಲಿಲ್ಲ, ಕೈಯಲ್ಲಿ ಒಂದು ಟ್ಯಾಬ್ಲೆಟ್ ಇತ್ತು.

"ನೋಡ್ರಿ ಅಂಕಲ್, ಮುಟ್ಟಿ ನೋಡ್ರಿ."

ಗಾಜಿನ ಮೇಲೆ ಒಂದು ಕಾರು ನಿಂತಿತ್ತು. ಬೆರಳಿಟ್ಟು ಎಳೆದರೆ ತಿರುಗುತ್ತಿತ್ತು. ಬಾನೆಟ್ ಮೇಲೆ ಮುಟ್ಟಿದರೆ ಏಳುತ್ತಿತ್ತು, ಮೈ ಸವರಿದರೆ ಕೆಂಪು ಹೋಗಿ ನೀಲಿ ಬರುತ್ತಿತ್ತು, ಟ್ಯಾಬ್ಲೆಟ್ಟನ್ನೇ ಸ್ಟೇರಿಂಗ್ ಹಾಗೆ ಓರೆ ಮಾಡಿದರೆ ಘಟ್ಟದ ರಸ್ತೆಯಲ್ಲಿ ಓಡುತ್ತಿತ್ತು. ಚನ್ನುವಿನ ಒರಟು ಬೆರಳನ್ನು ಗಾಜು ಮೊದಲು ಗುರುತಿಸಲೇ ಇಲ್ಲ. ಪ್ಯಾಂಟಿಗೆ ಒರೆಸಿಕೊಂಡು, ಬಾಯಿಯ ಹಬೆ ಊದಿ ಮುಟ್ಟಿದ ಮೇಲೆ ಬಾಗಿಲು ತೆರೆಯಿತು. ಮುಚ್ಚಿದ. ಪಿಚಕ್ ಅಂದಿತು.

"ಥೂ. ಬಿಸ್ಕೀಟ್ ಡಬ್ಬಿ."

"ಅದಕ್ಕs ಬಂದೀನ್ರಿ" ಎಂದ ನಿತಿನ. "ಕಂಪನಿಯವರು ಕಳಿಸಿದ ಶಬ್ದ ಅದು. ಜನ ಬಾಗಿಲಾ ಮುಚ್ಚಿದ ಕೂಡ್ಲೇ ಎದಿಯೊಳಗ ಧೈರ್ಯ ಬರಬೇಕು. ಅಂಥಾದ್ದೊಂದು ಶಬ್ದ ನಮಗ ಬೇಕಾಗೇದ. ನಿಮ್ಮಂಥ ಕಿವಿ ಇಡೀ ಊರಾಗ ಇಲ್ಲ."

"ಯಾವ ಗಾಡಿಗಿ?"

"ಇನ್ನೂ ಹೊರಗ ಬಂದಿಲ್ರಿ. ಹೆಸರು ಹೇಳೂ ಹಂಗಿಲ್ಲ."

ಚನ್ನು ನಕ್ಕ. "ಹೆಣ್ಣ ತೋರ್ಸೂ ದಿನ ಮಗ್ಗಲ ಮನಿ ಬಂಗಾರ ಹಾಕಿ ಕುಂದರ್ಸಿದಂಗ ಆತು ನಿಂದು."

"ಹಂಗs ಅನ್ಕೊಳ್ರಿ" ಎಂದು ಅವನೂ ನಕ್ಕ.

ಇದಕ್ಕೆ ಚನ್ನು ಎಲ್ಲ ತಿಳಿದೇ ಕೈ ಹಾಕಿದ ಅನ್ನುವುದು ಸ್ಪಷ್ಟವಿರಲಿ. ಅವನನ್ನು ಯಾರೂ ಮೋಸ ಮಾಡಿ ಎಳೆದುಕೊಂಡು ಹೋಗಲಿಲ್ಲ. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಒಬ್ಬ ಓದಿದವನು ಬಂದು ನಿನ್ನ ಕೈ ಬೇಡ, ಕಿವಿ ಬೇಕು ಅಂದಿದ್ದ. ಅದಕ್ಕೆ ಉಬ್ಬಿದ.

ಶೆಡ್ಡಿನ ಹಿಂದೆ ಗುಜರಿ ರಾಶಿಯಲ್ಲಿ ಒಂದು ಹಳೆಯ ವಿದೇಶಿ ಕಾರಿನ ಬಾಗಿಲಿತ್ತು. ಬಂಜಾರಾ ಹಿಲ್ಸ್‌ನ ಯಾರದೋ ಬಂಗಲೆಯ ಅಂಗಳದಲ್ಲಿ ಹದಿನೈದು ವರ್ಷ ನಿಂತು ತುಕ್ಕು ತಿಂದ ಕಾರು. ಉಳಿದದ್ದೆಲ್ಲ ತೂಕಕ್ಕೆ ಹೋಗಿತ್ತು. ಬಾಗಿಲನ್ನು, ಅದರ ಚೌಕಟ್ಟಿನ ಸಮೇತ, ಚನ್ನು ಕೊಡಲು ಮನಸ್ಸಾಗದೆ ಎತ್ತಿಟ್ಟಿದ್ದ. ಇಬ್ಬರು ಎತ್ತಬೇಕಾದ ಕಬ್ಬಿಣ. ಅದನ್ನು ಗೋಡೆಗೆ ಬಿಗಿದು ನಿಲ್ಲಿಸಿದ. ನಿತಿನ ಮೈಕು ಹಿಡಿದ. ಮೊದಲು ಬಡಿದಾಗ ತೀರಾ ಹಳೆಯ ಶಬ್ದ ಬಂತು. ಚನ್ನು ಒಳಗೆ ಒದ್ದೆ ಗೋಣಿತಾಟು ತುರುಕಿದ. ಹೆಚ್ಚಾಯಿತು. ಅರ್ಧ ತೆಗೆದು ಹಳೇ ಗಾದಿಯ ಹತ್ತಿ ತುಂಬಿದ. ನಲವತ್ತು ಸಲ ಬಡಿದಿರಬಹುದು. ಕೊನೆಗೆ ಬಂತು: ಧಪ್. ತೋಳುದ್ದ ದಪ್ಪದ ಗೋಡೆಯ ಹಿಂದೆ ನಿಂತಂಥ ಶಬ್ದ. ಅದರ ಬಾಲಕ್ಕೆ ಸಡಿಲ ಗಾಜಿನದೊಂದು ಸಣ್ಣ ಕಿಣ್.

"ಆ ಗಾಜ ಬಿಗೀತೀನಿ ತಡಿ."

"ಬ್ಯಾಡ್ರಿ, ಬ್ಯಾಡ್ರಿ! ಅದು ಇದ್ರನs ಖರೇ ಅನಸ್ತದ."

ಯಾರ ಮುಂದೆಯೂ ಹೇಳುವುದಿಲ್ಲ ಅಂತ ಇಂಗ್ಲಿಷಿನ ಒಂದು ಕಾಗದಕ್ಕೆ ಚನ್ನು ರುಜು ಹಾಕಿದ. ಹೇಳಲೂ ಇಲ್ಲ. ಗೋಣಿತಾಟು ತುಂಬಿ ಬಾಗಿಲು ಬಡಿದೆ ಅಂದರೆ ಬಸ್ತಿಯಲ್ಲಿ ಯಾರು ಏನು ಅನ್ನುತ್ತಾರೆ? ನಗುತ್ತಾರೆ.

ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಗ್ರೈಂಡರ್ ಕಿರುಚುತ್ತಿದ್ದಾಗ ಸೂರಜ್‌ನ ಫೋನು ಬಂತು. ಗಿರಾಕಿಯನ್ನು ಒಂದು ಶಾಪಿಂಗ್ ಮಾಲ್‌ಗೆ ಬಿಡಲು ಹೋಗಿದ್ದ. ಅಲ್ಲಿ ಹೊಸ ಕಾರಿನ ಟ್ಯಾಬ್ಲೆಟ್ಟುಗಳನ್ನು ಸ್ಟ್ಯಾಂಡಿನ ಮೇಲೆ ಸಾಲಾಗಿ ಇಟ್ಟಿದ್ದರು. ಹುಡುಗಿಯೊಬ್ಬಳು ಕರೆದು ಕೈಗೆ ಕೊಟ್ಟಿದ್ದಳು. ಅರ್ಧ ಗಂಟೆ ಅಲ್ಲೇ ನಿಂತು ಬಣ್ಣ ಬದಲಿಸಿದ, ಘಟ್ಟ ಹತ್ತಿಸಿದ, ಇಳಿಸಿದ. ಆಮೇಲೆ ಮಾಮಾ ಕಲಿಸಿದ ಹಾಗೆ ಬಾಗಿಲು ಬಡಿದ. ಬಡಿದವನು ಅಲ್ಲೇ ಸೋತ.

"ಮಾಮಾ, ಹೊಸಾ ಗಾಡಿ ನೋಡಾಕತ್ತೀನ್ರಿ. ಬಾಗಿಲಾ ಕೇಳ್ರಿ ಒಂಚೂರು."

ಸೂರಜ್ ಗಾಜಿನೊಳಗಿನ ಬಾಗಿಲು ಅಂತ ಹೇಳಲಿಲ್ಲ. ಅವನ ಮಟ್ಟಿಗೆ ಅದೇ ಕಾರು, ಇನ್ನೂ ಷೋರೂಮಿಗೆ ಬಂದಿಲ್ಲ ಅಷ್ಟೇ. ಚನ್ನು ಮಾತ್ರ ಅದನ್ನು ಷೋರೂಮಿನಲ್ಲಿ ಅವನ ಕಣ್ಣೆದುರು ನಿಂತ ಗಾಡಿ ಅಂದುಕೊಂಡ. ಗ್ರೈಂಡರ್ ನಿಲ್ಲಿಸಲು ಕೈಸನ್ನೆ ಮಾಡಿ ಫೋನನ್ನು ಎಡಗಿವಿಗೆ ಒತ್ತಿದ.

"ಇನ್ನೊಮ್ಮಿ ಬಡಿ."

ಸೂರಜ್ ಬಡಿದ.

"ಗಟ್ಟಿ ಐತಲೇ ಸೂರಜ್ಯಾ! ಈಗಿನವರು ಇಂಥಾ ಬಾಗಿಲಾ ಹಾಕೂದs ಬಿಟ್ಟಾರ ಅಂತ ತಿಳ್ಕೊಂಡಿದ್ದೆ."

"ಮಾಡ್ಲೇನ್ರಿ ಬುಕ್ಕು?"

"ಮಾಡು."

ಗಾಜಿನ ಮೇಲೆ ಬೆರಳಲ್ಲೇ ರುಜು ಗೀಚಿ ಸೂರಜ್ ಕಾರು ಬುಕ್ ಮಾಡಿದ. ತನ್ನ ಶಬ್ದವನ್ನು ತಾನೇ ಪಾಸು ಮಾಡಿದ ಚನ್ನು ಆ ದಿನವೆಲ್ಲ ಖುಷಿಯಲ್ಲಿದ್ದ. ಬಾಲದ ಆ ಕಿಣ್ ಫೋನಿನಲ್ಲಿ ದಾಟಿ ಬಂದಿರಲಿಲ್ಲ.

ಗಾಡಿ ಬರುವ ದಿನ ಷೋರೂಮಿಗೆ ಬಸ್ತಿಯ ಅರ್ಧ ಜನ ಹೋದರು. ಸೂರಜ್‌ನ ಹೆಂಡತಿ ಮಂದಾರ ಆರತಿ ತಟ್ಟೆ ತಂದಿದ್ದಳು. ಗುರುಬಾಯಿ ನಾಲ್ಕೂ ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟು ಮಗನಿಗೆ ದೃಷ್ಟಿ ತೆಗೆದಳು. ಸೂರಜ್ ಹೊಸ ಅಂಗಿ ಹಾಕಿದ್ದ.

"ಮಾಮಾ, ನೀವs ಮೊದ್ಲ ಬಡೀರಿ."

ಚನ್ನು ಬಾಗಿಲನ್ನು ಗೇಣುದ್ದ ತೆರೆದ. ಎಡಗಿವಿ ಕೊಟ್ಟ. ಬಡಿದ.

ಪಿಚಕ್.

ಮತ್ತೊಮ್ಮೆ ಬಡಿದ. ಅದೇ. ಷೋರೂಮಿನ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಟ್ಯಾಬ್ಲೆಟ್ ಇತ್ತು. ಅತ್ತ ನಡೆದ. ಬೆರಳಿಗೆ ಹಬೆ ಊದಿ ಗಾಜು ಮುಟ್ಟಿದ. ಬಾಗಿಲು ತೆರೆಯಿತು, ಮುಚ್ಚಿತು. ಧಪ್. ಅದರ ಹಿಂದೆಯೇ, ಸಣ್ಣಗೆ, ಕಿಣ್.

ಅವನಿಗೆ ಅಲ್ಲೇ ಕೂತುಬಿಡಬೇಕು ಅನ್ನಿಸಿತು. ಕುರ್ಚಿಗಳೆಲ್ಲ ಗಿರಾಕಿಗಳಿಗೆ.

"ಹೆಂಗೈತ್ರಿ ಮಾಮಾ?" ಸೂರಜ್ ಕೂಗಿದ. "ನನಗ್ಯಾಕೋ ಅದರಾಗ ಕೇಳಿದ್ದಕ್ಕಿಂತ ಜರಾ ಹಗೂರ ಅನಸ್ತು. ಹೊಸಾ ರಬ್ಬರ್ ಐತಿ, ಕುಂದ್ರತೈತಿ ಅಂತಾರ ಇವ್ರು."

ಎಲ್ಲರೂ ಚನ್ನುವಿನ ಕಡೆ ತಿರುಗಿದರು. ಮಂದಾರಳ ತಟ್ಟೆಯ ದೀಪ ಏಸಿ ಗಾಳಿಗೆ ಹೊಯ್ದಾಡುತ್ತಿತ್ತು. ಒಂದು ಮಾತು ಸಾಕಿತ್ತು. ಗಾಡಿ ಇನ್ನೂ ಷೋರೂಮು ದಾಟಿರಲಿಲ್ಲ.

"ಛಲೋ ಐತಿ" ಎಂದ ಚನ್ನು.

ನಿಂಬೆಹಣ್ಣು ಪಚಕ್ಕೆಂದು ಒಡೆದವು.

ಮರುವಾರ ಅವನು ಒಂದು ದಿನದ ಕೂಲಿ ಬಿಟ್ಟು ಗಚ್ಚಿಬೌಲಿಗೆ ಹೋದ. ಕಾವಲಿನವನು ಒಳಗೆ ಬಿಡಲಿಲ್ಲ. ನಿತಿನನೇ ಕೆಳಗಿಳಿದು ಬಂದು ಎದುರಿನ ಚಹಾ ಅಂಗಡಿಗೆ ಕರೆದುಕೊಂಡು ಹೋದ. ಕಥೆ ಕೇಳಿ ಅವನ ಮುಖ ಸಣ್ಣದಾಯಿತು, ಸುಳ್ಳಲ್ಲ. ಆದರೂ ಬಾಯಿ ಆಫೀಸಿನ ಮಾತನ್ನೇ ಆಡಿತು.

"ಅಂಕಲ್, ಅದು ಬರೇ ಮೂಡ್‌ಗೆ ಹಾಕೂದು. ಕೆಳಗ ಬರದೀವಲ್ರಿ, ಶಬ್ದ ಬ್ಯಾರೆ ಇರಬಹುದು ಅಂತ." ಟ್ಯಾಬ್ಲೆಟ್ ತೆಗೆದು ತೋರಿಸಿದ. ಗಾಜಿನ ಅಂಚಿನಲ್ಲಿ ಇಂಗ್ಲಿಷಿನ ಒಂದು ಸಾಲು, ಇರುವೆ ಸಾಲಿಗಿಂತ ಸಣ್ಣದು.

"ಇದನ್ನ ಯಾಂವ ಓದತಾನ?"

"ಯಾರೂ ಓದಂಗಿಲ್ರಿ" ಎಂದ ನಿತಿನ, ಪ್ರಾಮಾಣಿಕವಾಗಿಯೇ. "ಆದ್ರ ಬರೀಬೇಕಾಗ್ತದ. ಮತ್ತ ಶಬ್ದ ಕೇಳಿ ಯಾರೂ ಗಾಡಿ ತಗೊಳ್ಳೂದಿಲ್ಲ ಅಂಕಲ್. ರೇಟು ನೋಡ್ತಾರ, ಮೈಲೇಜ್ ನೋಡ್ತಾರ."

"ನಮ್ಮವರು ತಗೋತಾರೋ. ನಾನs ಕಲಿಸೀನಿ."

ನಿತಿನ ಎದ್ದು ಚಹಾದ ದುಡ್ಡು ಕೊಟ್ಟ. ಆ ಜಾಹೀರಾತಿಗೆ ಮುಂಬಯಿಯಲ್ಲಿ ಯಾವುದೋ ಬಹುಮಾನ ಬಂದದ್ದನ್ನು ಅವನು ಆ ದಿನ ಹೇಳಲಿಲ್ಲ.

ಚನ್ನು ಬೇರೆ ದಾರಿ ಹಿಡಿದ. ಸೂರಜ್‌ನನ್ನು ಕರೆದು, "ಗಾಡಿ ಎರಡ ದಿನ ಶೆಡ್ಡಿನ್ಯಾಗ ಬಿಡು. ಬಾಗಿಲದೊಳಗ ಕಬ್ಬಿಣದ ಪಟ್ಟಿ ಕೂಡಿಸಿ ಕೊಡ್ತೀನಿ" ಎಂದ.

"ಹೊಸಾ ಗಾಡಿ ಬಿಚ್ಚತೀರೇನ್ರಿ? ವಾರಂಟಿ ಹೊಕ್ಕೈತಿ! ನೀವs ಛಲೋ ಐತಿ ಅಂದೀರಲ್ಲ?"

"ಛಲೋ ಐತಿ. ಸುಮ್ನ, ಇನ್ನಷ್ಟು ಗಟ್ಟಿ ಇರ್ಲಿ ಅಂತ."

"ವಯಸ್ಸಾತ್ರಿ ಮಾಮಾ ನಿಮಗ" ಎಂದು ಸೂರಜ್ ನಕ್ಕು ಗಾಡಿ ಏರಿ ಹೋದ. ಬಾಗಿಲು ಪಿಚಕ್ ಅಂದಿತು. ಹನ್ನೊಂದು ತಿಂಗಳು ಚನ್ನು ಆ ಶಬ್ದ ಬಂದಾಗೆಲ್ಲ ಸತ್ತ ಕಿವಿಯನ್ನು ಅತ್ತ ಮಾಡುತ್ತಿದ್ದ.

ಗಚ್ಚಿಬೌಲಿಯ ಒಂದು ತಿರುವಿನಲ್ಲಿ, ಮಟಮಟ ಮಧ್ಯಾಹ್ನ, ಗಿರಾಕಿಯನ್ನು ಇಳಿಸಿ ಎರಡು ನಿಮಿಷವಾಗಿತ್ತು. ನೀರಿನ ಟ್ಯಾಂಕರ್ ಒಂದು ಬಲಗಡೆಯಿಂದ ಬಂದು ಸೂರಜ್‌ನ ಬಾಗಿಲಿಗೇ ಗುದ್ದಿತು. ಬಾಗಿಲು ಸ್ಟೇರಿಂಗಿನ ತನಕ ಒಳಗೆ ಬಂತು. ಕಾರು ಕತ್ತರಿಸಿ ಅವನನ್ನು ತೆಗೆಯಬೇಕಾಯಿತು. ಮೂರನೇ ದಿನ ಸರಕಾರಿ ಆಸ್ಪತ್ರೆಯಲ್ಲಿ ಬಲಗಾಲನ್ನು ತೊಡೆಯಿಂದ ತೆಗೆದರು. ಅವನಿಗಾಗ ಮೂವತ್ತೆರಡು.

ಪೊಲೀಸರ ಕಾಗದವೆಲ್ಲ ಮುಗಿದ ಮೇಲೆ ಗಾಡಿಯ ಹೆಣವನ್ನು ಕ್ರೇನಿನವನು ಚನ್ನುವಿನ ಶೆಡ್ಡಿಗೇ ತಂದು ಇಳಿಸಿದ. ಮಾಮಾನ ಹತ್ತಿರ ಒಯ್ಯಿರಿ ಅಂತ ಸೂರಜ್ ಹೇಳಿ ಕಳಿಸಿದ್ದ. ಚನ್ನು ಆ ಬಾಗಿಲನ್ನು ಬಿಚ್ಚಿ ನೆಲಕ್ಕೆ ಹಾಕಿ ಒಳಗೆ ನೋಡಿದ. ಹೆಬ್ಬೆರಳು ಗಾತ್ರದ ಒಂದು ಪೈಪು, ಮುರಿದ ಪ್ಲಾಸ್ಟಿಕ್ಕು, ಒಂದು ಹಿಡಿ ಸ್ಪಂಜು. ಅಷ್ಟೇ. ಟ್ಯಾಂಕರಿನ ಮುಂದೆ ಯಾವ ಬಾಗಿಲೂ ತಡೆಯುವುದಿಲ್ಲ ಅಂತ ಶೆಡ್ಡಿನವರು ಅಂದರು. ಇರಬಹುದು. ಬಂಗಲೆಯ ಕಾರಿನ ಆ ಬಾಗಿಲಿದ್ದಿದ್ದರೆ ಕಾಲು ಉಳಿಯುತ್ತಿತ್ತೋ ಇಲ್ಲವೋ ಚನ್ನುವಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದೇ ಅವನನ್ನು ತಿಂದದ್ದು.

ಅದಕ್ಕಿಂತ ಹೆಚ್ಚು ತಿಂದದ್ದು ಸೂರಜ್‌ನ ಮಾತು. ಬಸ್ತಿಯ ಒಂದೇ ಕೋಣೆಯ ಮನೆಯಲ್ಲಿ ಮಂಚದ ಮೇಲೆ ಬಿದ್ದುಕೊಂಡು, ನೋಡಲು ಬಂದವರಿಗೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ: "ಮಾಮಾ ಬಾಗಿಲಾ ನೋಡಿ ಆರಿಸಿದ ಗಾಡಿ. ಬ್ಯಾರೆ ಗಾಡಿ ಇದ್ರ ನಾ ಹೆಣಾನs ಆಗ್ತಿದ್ದೆ." ಚನ್ನು ದಿನಾ ಸಂಜೆ ಬಂದು ಅದನ್ನು ಕೇಳುತ್ತ ಕೂರುತ್ತಿದ್ದ. ಮಂದಾರ ಚಹಾ ಕೊಡುತ್ತ "ತಗೋರಿ ಮಾಮಾ" ಅನ್ನುತ್ತಿದ್ದಳು. ಅವಳೀಗ ಅಪಾರ್ಟ್‌ಮೆಂಟಿನಲ್ಲಿ ಮೂರು ಮನೆಯ ಕೆಲಸ ಹಿಡಿದಿದ್ದಳು.

ಮೂರು ವಾರ ಹೀಗೇ ಹೋಯಿತು. ಒಂದು ಭಾನುವಾರ ಗಗನ ಬಂದ. ಅವನೂ ಡ್ರೈವರು, ಸೂರಜ್‌ನ ಜೋಡಿಯವನು. ಕಂಕುಳಲ್ಲಿ ಒಂದು ಟ್ಯಾಬ್ಲೆಟ್ ಇತ್ತು. ಗಿರಾಕಿಗಳು ನೋಡಲಿ ಅಂತ ಅವನ ಬಾಡಿಗೆ ಕಾರಿನ ಸೀಟಿನ ಬೆನ್ನಿಗೆ ಜಾಹೀರಾತಿನವರು ಸಿಕ್ಕಿಸಿದ್ದದ್ದು.

"ಸೂರಜ್, ನಿನ್ನ ಗಾಡೀನs ನಾನೂ ಬುಕ್ ಮಾಡ್ತೀನೋ. ನಿನ್ನ ಜೀವ ಉಳಿಸಿದ ಗಾಡಿ ಅಂದ್ರ ಮತ್ತೇನ ಬೇಕು? ಚನ್ನೂಮಾಮಾ, ನೀವೊಂದ ಮಾತ ಹ್ಞೂಂ ಅನ್ರಿ. ಕೇಳ್ರಿ ಇಲ್ಲಿ."

ಬೆರಳಿಟ್ಟ. ಸಣ್ಣ ಕೋಣೆಯಲ್ಲಿ ಶಬ್ದ ತುಂಬಿಕೊಂಡಿತು. ಧಪ್. ಕಿಣ್.

"ಅದು ನಂದು" ಎಂದ ಚನ್ನು.

"ಏನ್ರಿ?"

"ಆ ಶಬ್ದ ನಂದು. ಆ ಗಾಡೀದಲ್ಲ."

ಎಲ್ಲ ಹೇಳಿದ. ಹಳೇ ಬಾಗಿಲು, ಗೋಣಿತಾಟು, ಹತ್ತಿ, ರುಜು ಹಾಕಿದ ಕಾಗದ. ಷೋರೂಮಿನಲ್ಲಿ ಬಡಿದಾಗಲೇ ತನಗೆ ತಿಳಿದಿತ್ತು ಅನ್ನುವುದನ್ನೂ ಬಿಡಲಿಲ್ಲ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ, ನೆಲ ನೋಡಿದ. ಮಂದಾರ ಸ್ಟವ್ ಆರಿಸಿದಳು.

ಸೂರಜ್ ಛಾವಣಿಯ ತಗಡು ನೋಡುತ್ತಲೇ ಕೇಳಿದ.

"ಅವತ್ತ ಯಾಕ ಹೇಳ್ಲಿಲ್ರಿ?"

"ನಿಂಬೆಹಣ್ಣ ಇಟ್ಟಿದ್ರು. ಎಲ್ಲಾರೂ ನಗಾಕತ್ತಿದ್ರು." ಆಮೇಲೆ ಖರೇ ಮಾತು ಹೇಳಿದ. "ನನ್ನ ಕಿವಿ ತಪ್ಪಿತು ಅಂತ ನಾಲ್ಕ ಮಂದ್ಯಾಗ ಹೆಂಗ ಹೇಳ್ಲಿ ಅನಸ್ತು."

"ಅಷ್ಟs?"

"ಅಷ್ಟs."

ಗಗನ ಟ್ಯಾಬ್ಲೆಟ್ ಬೋರಲು ಹಾಕಿಕೊಂಡು ಎದ್ದು ಹೋದ. ಸೂರಜ್ ಬೈಯುತ್ತಾನೆ, ಲೋಟ ಬೀಸಿ ಒಗೆಯುತ್ತಾನೆ ಅಂತ ಚನ್ನು ಕಾದ. ಅವನು ಕೇಳಿದ್ದು ಬೇರೆ.

"ಆ ಬಾಗಿಲಾ ಇನ್ನೂ ಐತೇನ್ರಿ?"

"ಐತಿ."

"ತಗೊಂಡು ಬರ್ರಿ. ನೋಡ್ಬೇಕು."

ಮರುದಿನ ಚನ್ನು ಬಾಗಿಲನ್ನು ಆಟೋದಲ್ಲಿ ಹೇರಿಕೊಂಡು ಬಂದ. ಆಟೋದವನೂ ಅವನೂ ಸೇರಿ ಒಳಗೆ ಹೊತ್ತು ತಂದು ಮಂಚಕ್ಕೆ ಆನಿಸಿದರು. ಕೋಣೆಯಲ್ಲಿ ತಿರುಗಾಡಲು ಜಾಗ ಉಳಿಯಲಿಲ್ಲ. ಸೂರಜ್ ಮೊಣಕೈ ಊರಿ ಎದ್ದು ಕೂತು, ಬೆರಳಿನ ಗೆಣ್ಣಿನಿಂದ ಬಾಗಿಲನ್ನು ತಟ್ಟಿದ. ಕಿವಿ ಹತ್ತಿರ ಒಯ್ದು ಇನ್ನೊಮ್ಮೆ ತಟ್ಟಿದ. ಥೇಟು ಚನ್ನು ಕಲಿಸಿದ ಹಾಗೆ.

"ಗಟ್ಟಿ ಐತಿ" ಎಂದ. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ. "ಒಯ್ರಿ ಇದನ್ನ."

ಆಟೋದವನು ಹೊರಟುಹೋಗಿದ್ದ. ಚನ್ನು ಒಬ್ಬನೇ ಬಾಗಿಲನ್ನು ಹೊಸ್ತಿಲ ತನಕ ಎಳೆದ. ಅದು ನೆಲಕ್ಕೆ ಗೀರು ಹಾಕುತ್ತ ಬಂತು. ಮಂದಾರ ಕೈ ಹಚ್ಚಲಿಲ್ಲ. ಚಹಾದ ಲೋಟ ತಂದು ಅವನ ಪಕ್ಕ ನೆಲಕ್ಕಿಟ್ಟಳು.

"ಕುಡದು ಹೋಗ್ರಿ" ಎಂದಳು. ಮಾಮಾ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ.

ಈಗಲೂ ಬಸ್ತಿಯವರು ಶೆಡ್ಡಿಗೆ ಗಾಡಿ ತರುತ್ತಾರೆ. ಬೇರೆ ಗತಿ ಇಲ್ಲ ಅಂತ ತರುತ್ತಾರೆ. ಚನ್ನು ಕಿವಿ ಕೊಡುವುದಿಲ್ಲ. ಬಾಗಿಲಿನ ಒಳಹಲಗೆ ಬಿಚ್ಚಿ, ಕೈ ತೂರಿಸಿ, ತಡಕಿ ನೋಡಿದ ಮೇಲೆಯೇ ಮಾತು. ತಾಸು ಹಿಡಿಯುತ್ತದೆ. ಹುಡುಗರು ಗೊಣಗುತ್ತಾರೆ. ಬಂಗಲೆಯ ಬಾಗಿಲನ್ನು ಅವನು ತೂಕಕ್ಕೆ ಹಾಕಿದ.

ಗಗನ ಎರಡು ತಿಂಗಳಿಗೆ ಅದೇ ಕಾರು ಕೊಂಡ. ಬೇರೆಯದಕ್ಕೆ ಕೈ ಎಟುಕಲಿಲ್ಲ. ಬಣ್ಣ ಮಾತ್ರ ನೀಲಿ. ತೋರಿಸಬೇಕಲ್ಲ ಅಂತ ಶೆಡ್ಡಿನ ಮುಂದೆ ತಂದು ನಿಲ್ಲಿಸಿ ಇಳಿದ. ಚನ್ನು ಸುತ್ತಿಗೆ ಕೆಳಗಿಟ್ಟು ನೋಡುತ್ತಿದ್ದ. ಗಗನ ಎರಡೂ ಕೈಯಿಂದ ಬಾಗಿಲು ಹಿಡಿದು, ಶಬ್ದವಾಗದ ಹಾಗೆ, ಮೆಲ್ಲಗೆ ಒತ್ತಿ ಮುಚ್ಚಿದ.